ಗೊಣಗಾಟವೂ ಒಂದು ರೋಗಲಕ್ಷಣವೇ?

ಮುಂಬಯಿಯ ಉಪನಗರವೊಂದರಲ್ಲಿ ನಾನು ವೈದ್ಯವೃತ್ತಿಯನ್ನು ಆರಂಭಿಸಿ ಮೂವತ್ತು ವರ್ಷಗಳ ಮೇಲಾಯಿತು. ರೋಗಿಯು ಎದುರಿನ ಕುರ್ಚಿಯಲ್ಲಿ ಕುಳಿತೊಡನೆ "ಹೇಗಿದ್ದೀರಿ?" ಎಂದು ವಿಚಾರಿಸುವುದು ನಮ್ಮ ವೃತ್ತಿಯ ರೂಢಿ. ಈ ಒಂದು ಪ್ರಶ್ನೆಗೆ ಬಂದ ಉತ್ತರಗಳನ್ನು ಬರೆದಿಟ್ಟಿದ್ದರೆ ಈ ಮಹಾನಗರದ ಸಾಮಾಜಿಕ ಇತಿಹಾಸವೇ ಸಿದ್ಧವಾಗುತ್ತಿತ್ತೇನೋ. ತಲೆನೋವೆಂದು ಬಂದವರು ತಲೆಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿ, ಲೋಕಲ್ ಗಾಡಿಯ ನೂಕುನುಗ್ಗಲು, ನಲ್ಲಿಯಲ್ಲಿ ಬಾರದ ನೀರು, ಸೊಸೈಟಿಯ ಕಾರ್ಯದರ್ಶಿಯ ದರ್ಪ, ಕಚೇರಿಯ ಮೇಲಧಿಕಾರಿ, ಊರಿನಲ್ಲಿ ಪಾಲಾಗದೆ ಉಳಿದ ಜಮೀನು, ಕನ್ನಡದಲ್ಲಿ ಮಾತನಾಡದ ಮೊಮ್ಮಕ್ಕಳು, ಹೀಗೆ ಗಂಟನ್ನು ಒಂದೊಂದಾಗಿ ಬಿಚ್ಚುತ್ತಾರೆ. ನಾನು ಕೇಳುತ್ತೇನೆ. ಕೇಳುವುದೂ ಚಿಕಿತ್ಸೆಯ ಒಂದು ಭಾಗವೆಂದು ನಂಬಿದ್ದೇನೆ.

ಆದರೆ ಅದೇ ಗಾಡಿಯಲ್ಲಿ ಪ್ರಯಾಣ ಮಾಡಿ, ಅದೇ ನಲ್ಲಿಯ ಕೆಳಗೆ ಕೊಡವಿಟ್ಟು ಕಾಯುವ ಇನ್ನು ಕೆಲವರು ಇದಾವುದನ್ನೂ ಹೇಳುವುದಿಲ್ಲ. ಅವರಿಗೆ ತೊಂದರೆಗಳಿಲ್ಲವೆಂದಲ್ಲ. ತೊಂದರೆ ಕಂಡಾಗ ಅವರ ಕೈ ತಾನಾಗಿಯೇ ಕೆಲಸಕ್ಕೆ ತೊಡಗುತ್ತದೆ. ಒಂದೇ ಸಂಕಷ್ಟದೆದುರು ಒಬ್ಬರು ಗೊಣಗುತ್ತ ಕೂರುವುದೂ ಇನ್ನೊಬ್ಬರು ಪರಿಹಾರಕ್ಕೆ ಏಳುವುದೂ ಏಕೆ? ಇದನ್ನು ಸ್ವಭಾವವೆಂದು ಹೇಳಿ ಬಿಟ್ಟುಬಿಡುವುದು ಸುಲಭ. ನಾನೂ ಬಹುಕಾಲ ಹಾಗೆಯೇ ಹೇಳಿ ಬಿಟ್ಟಿದ್ದೆ.

ಒಂದು ಉದಾಹರಣೆಯನ್ನು ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನನ್ನ ಚಿಕಿತ್ಸಾಲಯದ ಸಮೀಪದಲ್ಲೇ ನಾಲ್ಕು ಮಹಡಿಗಳ ಹಳೆಯ ಕಟ್ಟಡವೊಂದಿದೆ. ಅದರ ಮೇಲಿನ ಮಹಡಿಯಲ್ಲಿ ಎರಡು ಕನ್ನಡ ಕುಟುಂಬಗಳು ಎದುರುಬದುರಾಗಿ ವಾಸಿಸುತ್ತವೆ. ಒಂದು, ಬ್ಯಾಂಕಿನಿಂದ ನಿವೃತ್ತರಾದ ರಾಯರದು. ಇನ್ನೊಂದು, ಧಾರವಾಡದ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದು, ಈಗ ವಿಧವೆಯಾಗಿ ಮಗನೊಡನೆ ಇರುವ, ಕಟ್ಟಡದವರೆಲ್ಲರೂ 'ಕಾಕೂ' ಎಂದು ಕರೆಯುವ ವೃದ್ಧೆಯದು. ಮೇಲಿನ ಮಹಡಿಗೆ ಬೆಳಗಿನ ಎಂಟು ಗಂಟೆಯ ಮೇಲೆ ನೀರಿಲ್ಲ. ರಾಯರು ನಾಲ್ಕು ವರ್ಷಗಳಿಂದ ಈ ವಿಷಯವನ್ನು ನನ್ನೆದುರು, ದಿನಸಿ ಅಂಗಡಿಯವನೆದುರು, ಸಂಘದ ಸಭೆಗಳಲ್ಲಿ, ಮೊಬೈಲಿನ ಗುಂಪುಗಳಲ್ಲಿ ಹೇಳುತ್ತಲೇ ಇದ್ದರು. ನಗರಪಾಲಿಕೆ ಹಾಳಾಯಿತು, ಸೊಸೈಟಿಯಲ್ಲಿ ಎಲ್ಲರೂ ಸ್ವಾರ್ಥಿಗಳು, ಕೆಳಗಿನ ಮನೆಯವರು ನೀರನ್ನೆಲ್ಲ ಬಸಿದುಕೊಳ್ಳುತ್ತಾರೆ ಎಂಬುದು ಅವರ ತೀರ್ಮಾನ. "ಈ ಊರಿನಲ್ಲಿ ಯಾರಿಗೆ ಹೇಳಿ ಏನು ಪ್ರಯೋಜನ, ಡಾಕ್ಟರೇ?" ಎಂಬ ಮಾತಿನೊಡನೆ ಅವರ ನಿರೂಪಣೆ ಮುಗಿಯುತ್ತಿತ್ತು. ಆ ಹೊತ್ತಿಗೆ ಅವರ ರಕ್ತದೊತ್ತಡ ಬಂದಾಗ ಇದ್ದುದಕ್ಕಿಂತ ಹತ್ತು ಹದಿನೈದು ಅಂಕ ಏರಿರುತ್ತಿತ್ತು. ಆದ್ದರಿಂದ ಅವರನ್ನು ಪರೀಕ್ಷಿಸುವಾಗ ಮೊದಲು ಒತ್ತಡ ನೋಡಿ, ಆಮೇಲೆ ಕುಶಲ ವಿಚಾರಿಸುವ ಪದ್ಧತಿಯನ್ನು ನಾನು ರೂಢಿಸಿಕೊಂಡೆ.

ಕಾಕೂ ಮಾಡಿದ್ದೇ ಬೇರೆ. ಹಳೆಯ ನೋಟುಪುಸ್ತಕವೊಂದರಲ್ಲಿ ಹದಿನೈದು ದಿನಗಳ ಕಾಲ ನೀರು ಬಂದ ಹೊತ್ತು, ನಿಂತ ಹೊತ್ತು, ಪಂಪಿನ ಸದ್ದು ಕೇಳಿದ ಹೊತ್ತುಗಳನ್ನು ಬರೆದರು. ಮೊಣಕಾಲು ನೋವಿಗೆ ಔಷಧಿಗೆಂದು ಬಂದಾಗ ಅದನ್ನು ನನಗೂ ತೋರಿಸಿದರು. "ನೀರು ಬರೂದಿಲ್ಲ ಅಂತ ಎಲ್ಲಾರೂ ಅಂತಾರ, ಡಾಕ್ಟರ್ರ. ಯಾವಾಗ ಬರೂದಿಲ್ಲ ಅಂತ ಯಾರೂ ಹೇಳೂದಿಲ್ಲ" ಎಂದರು. ಬರೆದುದನ್ನು ನೋಡಿದರೆ ವಿಷಯ ಸ್ಪಷ್ಟವಾಗಿತ್ತು. ರಾತ್ರಿಯ ಪಾಳಿಗೆ ಇಬ್ಬರು ಕಾವಲುಗಾರರು ವಾರಕ್ಕೊಬ್ಬರಂತೆ ಬರುತ್ತಿದ್ದರು. ಒಬ್ಬನ ವಾರದಲ್ಲಿ ಸಂಜೆಯವರೆಗೂ ನೀರು, ಇನ್ನೊಬ್ಬನ ವಾರದಲ್ಲಿ ಎಂಟಕ್ಕೇ ಖಾಲಿ. ಮೊದಲನೆಯವನು ನಗರಪಾಲಿಕೆಯ ನೀರು ಬರುತ್ತಿರುವಾಗಲೇ ಪಂಪು ಹಾಕುತ್ತಿದ್ದನು. ನೆಲದ ತೊಟ್ಟಿಯಲ್ಲಿ ಜಾಗವಾಗಿ ಅದು ಮತ್ತೆ ತುಂಬಿಕೊಳ್ಳುತ್ತಿತ್ತು. ಎರಡನೆಯವನು ನೀರು ನಿಂತ ಮೇಲೆ ಪಂಪು ಹಾಕುತ್ತಿದ್ದನು. ತೊಟ್ಟಿ ಮೊದಲೇ ತುಂಬಿ ತೇಲುಗುಂಡು ಮೇಲೆದ್ದು ಕವಾಟ ಮುಚ್ಚಿಕೊಂಡಿರುತ್ತಿದ್ದುದರಿಂದ ಉಳಿದ ಹೊತ್ತಿನ ನೀರು ಒಳಗೆ ಬರುತ್ತಲೇ ಇರಲಿಲ್ಲ. ಪಾಪ, ಅವನ ತಪ್ಪೂ ಅಲ್ಲ. ನೀರಿನ ಸಮಯ ಹಿಂದೆಂದೋ ಬದಲಾದುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ. ಕಾಕೂ ತಮ್ಮ ಮಗನಿಂದ ಹಿಂದಿಯಲ್ಲಿ ಹೊತ್ತನ್ನು ಬರೆಸಿ ಪಂಪಿನ ಗುಂಡಿಯ ಪಕ್ಕದಲ್ಲಿ ಅಂಟಿಸಿದರು. ಅಷ್ಟೇ.

ಇಲ್ಲಿ ರಾಯರನ್ನು ಹಗುರವಾಗಿ ಕಾಣುವುದು ಅನ್ಯಾಯ. ಅವರು ಓದಿದವರು, ಬುದ್ಧಿವಂತರು. ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನು ಹುಡುಕಿ ತೆಗೆದವರು. ಆ ಬುದ್ಧಿ ನೀರಿನ ವಿಷಯದಲ್ಲಿ ಏಕೆ ಎಚ್ಚರಗೊಳ್ಳಲಿಲ್ಲ? ಮನಃಶಾಸ್ತ್ರವು ಈ ಪ್ರಶ್ನೆಯನ್ನು ಕಳೆದ ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಕೇಳುತ್ತ ಬಂದಿದೆ.

1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ತರುಣ ಸಂಶೋಧಕರು ನಾಯಿಗಳ ಮೇಲೆ ಪ್ರಯೋಗವೊಂದನ್ನು ನಡೆಸಿದರು. ಇಂದಿನ ದೃಷ್ಟಿಯಲ್ಲಿ ಅದು ಕ್ರೂರವೆನಿಸುವುದು ಸಹಜ. ಕೆಲವು ನಾಯಿಗಳಿಗೆ ವಿದ್ಯುತ್ತಿನ ಆಘಾತವನ್ನು ಕೊಟ್ಟಾಗ ಮುಂದಿನ ಹಲಗೆಯನ್ನು ತಲೆಯಿಂದ ಒತ್ತಿ ಅದನ್ನು ನಿಲ್ಲಿಸುವ ಅವಕಾಶವಿತ್ತು. ಮತ್ತೊಂದು ಗುಂಪಿನ ನಾಯಿಗಳಿಗೆ ಅಷ್ಟೇ ಆಘಾತ, ಆದರೆ ಅವು ಏನು ಮಾಡಿದರೂ ನಿಲ್ಲದು. ಮೂರನೆಯ ಗುಂಪಿಗೆ ಆಘಾತವೇ ಇಲ್ಲ. ಆಮೇಲೆ ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ಬಿಟ್ಟರು. ನಡುವಿನ ಗಿಡ್ಡ ತಡೆಯನ್ನು ಹಾರಿದರೆ ಸಾಕು, ಆಘಾತದಿಂದ ಬಿಡುಗಡೆ. ಮೊದಲನೆಯ ಮತ್ತು ಮೂರನೆಯ ಗುಂಪಿನವು ಬೇಗನೆ ಹಾರಲು ಕಲಿತವು. ಎರಡನೆಯ ಗುಂಪಿನ ಬಹುಪಾಲು ನಾಯಿಗಳು ಹಾರಲು ಯತ್ನಿಸಲೂ ಇಲ್ಲ. ಮಲಗಿ ಕುಂಯ್‌ಗುಡುತ್ತ ಆಘಾತವನ್ನು ಸಹಿಸಿದವು. ಬಾಗಿಲು ತೆರೆದಿದ್ದರೂ ಅವುಗಳ ಪಾಲಿಗೆ ಮುಚ್ಚಿದಂತೆಯೇ. ಇದಕ್ಕೆ 'ಕಲಿತ ಅಸಹಾಯಕತೆ' ಎಂದು ಅವರು ಹೆಸರಿಟ್ಟರು.

ಈ ಪ್ರಯೋಗವನ್ನು ನಾನು ವೈದ್ಯಕೀಯ ಕಾಲೇಜಿನಲ್ಲಿ ಓದಿದಾಗ ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಅದರ ಮುಂದಿನ ಅಧ್ಯಾಯ ಹೆಚ್ಚು ಮುಖ್ಯವಾದುದು. ಆ ನಾಯಿಗಳನ್ನು ಸರಿಪಡಿಸುವುದು ಹೇಗೆಂದು ಸಂಶೋಧಕರು ಯತ್ನಿಸಿದರು. ತಡೆಯನ್ನು ತೆಗೆದಿಟ್ಟು ಆಚೆಯಿಂದ ಕರೆದರು. ಮಾಂಸದ ತುಂಡನ್ನು ಆಚೆಗೆ ಹಾಕಿದರು. ಫಲವಿಲ್ಲ. ಕೊನೆಗೆ ಕುತ್ತಿಗೆಗೆ ಹಗ್ಗ ಕಟ್ಟಿ ಈಚೆಯಿಂದ ಆಚೆಗೆ ಮತ್ತೆ ಮತ್ತೆ ಎಳೆದರು. ಮೊದಲು ಭಾರವಾಗಿ ಎಳೆಯಬೇಕಾಯಿತು. ಕ್ರಮೇಣ ಎಳೆತ ಸಡಿಲವಾಯಿತು. ಆಮೇಲೆ ನಾಯಿಗಳು ತಾವೇ ದಾಟಿದವು. ಆಚೆಗೆ ಹೋದರೆ ನೋವು ನಿಲ್ಲುತ್ತದೆಂಬುದನ್ನು ಅವುಗಳ ಕಾಲುಗಳೇ ತಿಳಿದುಕೊಳ್ಳಬೇಕಾಗಿತ್ತು.

ಇದಾಗಿ ಸುಮಾರು ಐವತ್ತು ವರ್ಷಗಳ ಮೇಲೆ, 2016ರಲ್ಲಿ, ಅದೇ ಇಬ್ಬರು ವಿಜ್ಞಾನಿಗಳು ತಮ್ಮ ಸಿದ್ಧಾಂತವನ್ನು ತಲೆಕೆಳಗು ಮಾಡಿ ಬರೆದರು. ವಿಜ್ಞಾನದಲ್ಲಿ ಇಂತಹ ಪ್ರಾಮಾಣಿಕತೆ ಅಪರೂಪವೇ ಸರಿ. ಮೆದುಳಿನ ಅಧ್ಯಯನದಿಂದ ಅವರಿಗೆ ತಿಳಿದುಬಂದುದೇನೆಂದರೆ, ಅಸಹಾಯಕತೆ ಕಲಿತದ್ದಲ್ಲ. ದೀರ್ಘಕಾಲದ ಕಷ್ಟದೆದುರು ಮುದುಡಿ ಕೂರುವುದೇ ಪ್ರಾಣಿಯ ಮೂಲಸ್ಥಿತಿ. ಮೆದುಳಿನ ಕಾಂಡದಲ್ಲಿರುವ ಪುಟ್ಟ ನರಕೋಶಗುಚ್ಛವೊಂದು ಸೆರೊಟೋನಿನ್ ಎಂಬ ರಾಸಾಯನಿಕದ ಮೂಲಕ ಈ ಮುದುಡುವಿಕೆಯನ್ನು ಉಂಟುಮಾಡುತ್ತದೆ. "ನಾನು ಮಾಡಿದ್ದರಿಂದ ಏನೋ ಬದಲಾಯಿತು" ಎಂಬ ಅನುಭವವಾದಾಗ ಹಣೆಯ ಹಿಂಭಾಗದ ಮೆದುಳಿನ ಭಾಗವು ಅದನ್ನು ಗುರುತಿಸಿ, ಕೆಳಗಿನ ಆ ಗುಚ್ಛವನ್ನು ಸುಮ್ಮನಾಗಿಸುತ್ತದೆ. ಕಲಿಯುವುದು ಹಿಡಿತವನ್ನೇ ಹೊರತು ಸೋಲನ್ನಲ್ಲ. ಅಂದರೆ ರಾಯರಲ್ಲಿ ಏನೋ ಕೆಟ್ಟಿದೆ ಎಂದು ಹುಡುಕುವುದಕ್ಕಿಂತ, ಕಾಕೂ ಅದನ್ನು ಎಲ್ಲಿ ಕಲಿತರು ಎಂದು ಕೇಳುವುದು ಸರಿಯಾದ ಪ್ರಶ್ನೆ.

ನಾನು ಕೇಳಿದೆ. ಮದುವೆಯಾಗಿ ಬಂದ ಹೊಸತರಲ್ಲಿ ಚಾಳಿನ ಒಂದೇ ಕೋಣೆಯಲ್ಲಿ ಏಳು ಜನ, ಮರಾಠಿಯ ಒಂದಕ್ಷರ ಬಾರದು. ಪಡಿತರ ಚೀಟಿಯಲ್ಲಿ ತಮ್ಮ ಹೆಸರು ಸೇರಿಸಲು ಮೂರು ಸಲ ಹೋಗಿ ಬರಿಗೈಯಲ್ಲಿ ಬಂದು, ನಾಲ್ಕನೆಯ ಸಲ ಪಕ್ಕದ ಮನೆಯಾಕೆಯಿಂದ ನಾಲ್ಕು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿ ಸೇರಿಸಿಕೊಂಡು ಬಂದರಂತೆ. "ಅವತ್ತಿನಿಂದ ಧೈರ್ಯ ಬಂತ್ರಿ" ಎಂದರು. ಚಿಕ್ಕದೊಂದು ಗೆಲುವು ಮುಂದಿನದಕ್ಕೆ ಮೆಟ್ಟಿಲಾಯಿತು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ನಮ್ಮ ಕರಾವಳಿಯ ಹಿರಿಯರನ್ನು ಕೇಳಿದರೂ ಇಂತಹ ಮೊದಲನೆಯ ಒಂದು ಘಟನೆ ಪ್ರತಿಯೊಬ್ಬರ ನೆನಪಿನಲ್ಲೂ ಇರುತ್ತದೆ. ಅತ್ತ ರಾಯರು ನಲವತ್ತು ವರ್ಷ ದುಡಿದದ್ದು ಮೇಲಿನಿಂದ ಸುತ್ತೋಲೆ ಬಂದಲ್ಲದೆ ಕೆಳಗೆ ಕಡತ ಚಲಿಸದ ವ್ಯವಸ್ಥೆಯಲ್ಲಿ. ಆರಂಭದಲ್ಲಿ ಎರಡು ಸಲಹೆ ಕೊಟ್ಟು ಬೈಸಿಕೊಂಡಿದ್ದರಂತೆ. ಆಮೇಲೆ ಕೊಡಲಿಲ್ಲ.

ಕೆಲಸದ ಮೇಲಿನ ಹಿಡಿತಕ್ಕೂ ಆರೋಗ್ಯಕ್ಕೂ ಇರುವ ನಂಟು ಕೇವಲ ಊಹೆಯಲ್ಲ. ಲಂಡನ್ನಿನ ಸರಕಾರಿ ನೌಕರರನ್ನು ಕುರಿತ ವೈಟ್‌ಹಾಲ್ ಅಧ್ಯಯನಗಳು ಪ್ರಸಿದ್ಧವಾಗಿವೆ. 1985ರಲ್ಲಿ ಆರಂಭವಾದ ಎರಡನೆಯ ಅಧ್ಯಯನದಲ್ಲಿ, ಮೈಕೇಲ್ ಮಾರ್ಮಟ್ ಮತ್ತವರ ಸಂಗಡಿಗರು, ತಮ್ಮ ಕೆಲಸವನ್ನು ತಾವು ನಿರ್ಧರಿಸುವ ಅವಕಾಶ ಕಡಿಮೆ ಇದ್ದ ನೌಕರರಲ್ಲಿ ಹೃದ್ರೋಗ ಹೆಚ್ಚೆಂದು 1997ರಲ್ಲಿ ಪ್ರಕಟಿಸಿದರು. ಹೊಣೆಗಾರಿಕೆ ಹೆಚ್ಚಿರುವ ಮೇಲಧಿಕಾರಿಗೇ ಎದೆನೋವು ಬರುವುದೆಂಬ ನಮ್ಮ ಸಾಮಾನ್ಯ ನಂಬಿಕೆಗೆ ಇದು ವಿರುದ್ಧ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೃದ್ಧಾಶ್ರಮವೊಂದರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಪ್ರಯೋಗವೂ ಇಂತಹುದೇ. ಒಂದು ಮಹಡಿಯ ವೃದ್ಧರಿಗೆ ಒಂದೊಂದು ಗಿಡ ಕೊಟ್ಟು, ನೀರೆರೆಯುವುದು ನಿಮ್ಮ ಹೊಣೆ, ನಿಮ್ಮ ಕೋಣೆಯ ವಿಷಯವೂ ನಿಮ್ಮ ಇಷ್ಟ ಎಂದರು. ಇನ್ನೊಂದು ಮಹಡಿಯಲ್ಲಿ ಗಿಡ ಕೊಟ್ಟರೂ ನೀರೆರೆಯುವವರು ದಾದಿಯರು. ಮೂರು ವಾರಗಳಲ್ಲೇ ಮೊದಲಿನವರು ಹೆಚ್ಚು ಲವಲವಿಕೆಯಿಂದಿದ್ದರು. (ಅವರ ಆಯುಷ್ಯವೂ ಹೆಚ್ಚಿತೆಂದು ಕೆಲವರು ಬರೆಯುವುದುಂಟು. ಆ ಲೆಕ್ಕದಲ್ಲಿ ದೋಷವಿದ್ದುದು ಆಮೇಲೆ ಕಂಡುಬಂದು ಸಂಶೋಧಕರೇ ತಿದ್ದುಪಡಿ ಮಾಡಿದ್ದಾರೆ.) ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ "ನೀವು ಸುಮ್ಮನೆ ಕೂತಿರಿ, ಮಾವ, ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತೇವಲ್ಲ, ಆ ಪ್ರೀತಿಯನ್ನು ತುಸು ಹಿಡಿದು ಬಡಿಸಬೇಕೆಂದು ನನಗನ್ನಿಸುತ್ತದೆ.

"ಹೇಳಿಕೊಂಡರೆ ಮನಸ್ಸು ಹಗುರವಾಗುವುದಿಲ್ಲವೇ?" ಎಂದು ವಾಚಕರು ಕೇಳಬಹುದು. ಒಮ್ಮೆ ಹೇಳಿಕೊಂಡರೆ ಆಗುತ್ತದೆ. ಅದನ್ನೇ ನೂರು ಸಲ ಮೆಲುಕು ಹಾಕಿದರೆ ಬೇರೆ ಪರಿಣಾಮ. 1989ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ದೊಡ್ಡ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮೊದಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸೂಸನ್ ನೋಲೆನ್-ಹೊಕ್ಸೆಮಾ ಎಂಬಾಕೆ ವಿದ್ಯಾರ್ಥಿಗಳ ಮನೋಧರ್ಮವನ್ನು ಪ್ರಶ್ನಾವಳಿಯಿಂದ ಅಳೆದಿದ್ದರು. ಬೇಸರವಾದಾಗ ಅದನ್ನೇ ಚಿಂತಿಸುತ್ತ ಕೂರುವ ಅಭ್ಯಾಸವಿದ್ದವರಲ್ಲಿ ಭೂಕಂಪದ ಹತ್ತು ದಿನಗಳ ಮೇಲೂ ಏಳು ವಾರಗಳ ಮೇಲೂ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದವು. ಮೆಲುಕು ಹಾಕುವ ಮನಸ್ಸಿಗೆ ನಡೆದುಹೋದ ಘಟನೆ ಮತ್ತೆ ಮತ್ತೆ ನಡೆಯುತ್ತದೆ. ಪ್ರತಿ ಸಲವೂ ಎದೆಬಡಿತ ಏರುತ್ತದೆ, ಹೊಟ್ಟೆಯಲ್ಲಿ ಉರಿ, ರಾತ್ರಿ ನಿದ್ರೆ ದೂರ. ಇಬ್ಬರು ಮೂವರು ಕೂಡಿ ಮೆಲುಕು ಹಾಕುವುದೂ ಉಂಟು. ಅದರಿಂದ ಸ್ನೇಹ ಗಾಢವಾಗುತ್ತದೆ, ಜೊತೆಗೆ ಕೊರಗೂ ಹೆಚ್ಚುತ್ತದೆ ಎಂದು ಹದಿಹರೆಯದ ಹುಡುಗಿಯರನ್ನು ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ನಮ್ಮ ಸಂಘದ ಸಭೆ ಮುಗಿದ ಮೇಲೆ ಚಹಾದ ಲೋಟ ಹಿಡಿದು ನಾವು ನಿಲ್ಲುವ ವೃತ್ತಗಳನ್ನು ನೆನೆದರೆ, ಇದು ಹುಡುಗಿಯರಿಗೆ ಮಾತ್ರ ಸೀಮಿತವೆಂದು ನಾನು ಹೇಳಲಾರೆ.

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಡುವಂತಿಲ್ಲ. ಏಕೆಂದರೆ ಈ ವಿಷಯದಲ್ಲಿ ನನ್ನದೇ ಒಂದು ದೊಡ್ಡ ತಪ್ಪಿದೆ. ಸುಮಾರು ನಲವತ್ತೈದು ವರ್ಷದ ಗೃಹಿಣಿಯೊಬ್ಬರು ಮೂರು ವರ್ಷಗಳ ಕಾಲ ನನ್ನಲ್ಲಿಗೆ ಬರುತ್ತಿದ್ದರು. ಆಯಾಸ, ಮೈಕೈನೋವು, ಯಾವುದರಲ್ಲೂ ಉತ್ಸಾಹವಿಲ್ಲ. ಇದರೊಂದಿಗೆ ಮನೆಯವರ ಮೇಲೆ ದೂರು. ನಾನು ಮನಸ್ಸಿನಲ್ಲೇ ಅವರಿಗೆ 'ಗೊಣಗುವವರು' ಎಂಬ ಚೀಟಿ ಅಂಟಿಸಿ, ಬಿ ಜೀವಸತ್ವದ ಗುಳಿಗೆಗಳನ್ನು ಬರೆದು ಕಳುಹಿಸುತ್ತಿದ್ದೆ. ನಾನು ಊರಿಗೆ ಹೋಗಿದ್ದಾಗ ನನ್ನ ಸ್ಥಾನದಲ್ಲಿ ಕುಳಿತಿದ್ದ ತರುಣ ವೈದ್ಯೆಯೊಬ್ಬಳು ರಕ್ತಪರೀಕ್ಷೆ ಮಾಡಿಸಿದಳು. ಥೈರಾಯ್ಡ್ ಗ್ರಂಥಿ ಬಹುಮಟ್ಟಿಗೆ ಕೆಲಸವನ್ನೇ ನಿಲ್ಲಿಸಿತ್ತು. ದಿನಕ್ಕೊಂದು ಗುಳಿಗೆಯಿಂದ ಕೆಲವೇ ತಿಂಗಳಲ್ಲಿ ಆ ಗೃಹಿಣಿ ಬೇರೆಯೇ ವ್ಯಕ್ತಿಯಾದರು. ಮೂರು ವರ್ಷ ಅವರು ಹೇಳುತ್ತಿದ್ದುದು ಅಕ್ಷರಶಃ ನಿಜವಾಗಿತ್ತು. ಕೇಳುತ್ತೇನೆಂದು ಹೆಮ್ಮೆಪಡುತ್ತಿದ್ದ ನಾನೇ ಕೇಳಿಸಿಕೊಂಡಿರಲಿಲ್ಲ. ಥೈರಾಯ್ಡ್ ಕೊರತೆ, ರಕ್ತಹೀನತೆ, ಸಕ್ಕರೆ ಕಾಯಿಲೆ, ಎಲ್ಲಕ್ಕಿಂತ ಹೆಚ್ಚಾಗಿ ಮಾನಸಿಕ ಖಿನ್ನತೆ, ಇವೆಲ್ಲವೂ ಕೈಹಚ್ಚುವ ಶಕ್ತಿಯನ್ನೇ ಕದಿಯುತ್ತವೆ. ಉಳಿಯುವುದು ನಾಲಿಗೆಯೊಂದೇ. ಹಿಂದೆ ಚಟುವಟಿಕೆಯಿಂದ ಇದ್ದವರು ಇತ್ತೀಚೆಗೆ ಗೊಣಗತೊಡಗಿದ್ದರೆ, ಉಪದೇಶಕ್ಕೆ ಮೊದಲು ವೈದ್ಯರಲ್ಲಿ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ಮಾತು. ದೂರು ಬೇರೆ, ಗೊಣಗಾಟ ಬೇರೆ. ಸರಿಪಡಿಸಬಲ್ಲವರ ಬಳಿಗೆ, ದಿನಾಂಕ ಹಾಕಿ, ಆದದ್ದನ್ನು ಬರೆದು ಒಯ್ಯುವುದು ದೂರು. ಅದೇ ಪರಿಹಾರದ ಮೊದಲ ಹೆಜ್ಜೆ. ನಮ್ಮ ದೇಶದಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯಿದೆ, ಈಗ ಅದರ ಜಾಗದಲ್ಲಿರುವ 2019ರ ಕಾಯಿದೆ, ಎರಡೂ ಇಂತಹ ದೂರಿಗೆಂದೇ ಬಾಗಿಲು ತೆರೆದವು. ಗೊಣಗಾಟವಾದರೋ ಏನೂ ಮಾಡಲಾಗದವರ ಕಿವಿಗೆ ಬೀಳುವಂಥದು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬಂತೆ ಅದು ದಾರಿ ತಪ್ಪಿದ ದೂರು. ದಾರಿ ತಪ್ಪುವುದಕ್ಕೂ ಕಾರಣವಿದೆ. ಮೇಲಧಿಕಾರಿಗೆ ಹೇಳಿದರೆ ಕೆಲಸ ಹೋದೀತು, ಮನೆಯೊಡೆಯನಿಗೆ ಹೇಳಿದರೆ ಮನೆ ಬಿಡಿಸಿಯಾನು, ಅತ್ತೆಗೆ ಹೇಳಿದರೆ ಸಂಸಾರ ಒಡೆದೀತು. ಬೆಲೆ ತೆರಲಾಗದವರು ಕೊತ್ತಿಯನ್ನು ಹುಡುಕುತ್ತಾರೆ. ಅಂಥವರಿಗೆ "ಗೊಣಗಬೇಡ, ಪರಿಹಾರ ಹುಡುಕು" ಎನ್ನುವವನು ಆ ಬೆಲೆಯಲ್ಲಿ ಪಾಲು ಹೊರಲು ಸಿದ್ಧನಿರಬೇಕು.

ಪರಿಹಾರವೇ ಇಲ್ಲದ ಕಷ್ಟಗಳೂ ಇವೆ. ಮಗುವನ್ನು ಕಳೆದುಕೊಂಡ ತಾಯಿಯ ಅಳಲಿಗೆ, ವಾಸಿಯಾಗದ ವ್ಯಾಧಿಗೆ ಯಾವ ನೋಟುಪುಸ್ತಕವೂ ಉತ್ತರವಲ್ಲ. ಬದಲಿಸಬಹುದಾದುದರೆದುರು ಕೆಲಸ, ಬದಲಿಸಲಾಗದುದರೆದುರು ಮನಸ್ಸಿನ ಸಾಂತ್ವನ ಹೊಂದುತ್ತದೆಂದು ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರ ತಮ್ಮ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಹೆಂಡತಿ ಹೇಳತೊಡಗಿದ ಎರಡನೆಯ ವಾಕ್ಯಕ್ಕೇ ಪರಿಹಾರ ಸೂಚಿಸಿ ಬೈಸಿಕೊಳ್ಳುವ ಗಂಡಂದಿರು ಈ ಭಾಗವನ್ನು ಎರಡು ಸಲ ಓದಬಹುದು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಹಾಗಾದರೆ ಮುದುಡಿ ಕುಳಿತವರನ್ನು ಎಬ್ಬಿಸುವುದು ಹೇಗೆ? ಆಫ್ರಿಕದ ಜಿಂಬಾಬ್ವೆಯಿಂದ ಒಂದು ಸುಂದರ ಉತ್ತರ ಬಂದಿದೆ. ಆ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟೇ. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡಾ 2006ರಲ್ಲಿ ಹರಾರೆ ನಗರದ ಬಡಾವಣೆಯೊಂದರಲ್ಲಿ 14 ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಚಿಕಿತ್ಸಾಲಯದ ಅಂಗಳದ ಮರದ ಬೆಂಚಿನ ಮೇಲೆ ಕೂರಿಸಿದರು. ಖಿನ್ನತೆಗೆ ಅಲ್ಲಿನ ಶೋನಾ ಭಾಷೆಯಲ್ಲಿ ಬಳಸುವ ಮಾತಿನ ಅರ್ಥ 'ಅತಿಯಾಗಿ ಯೋಚಿಸುವುದು' ಎಂದು. ಬಂದವರ ಕಷ್ಟಗಳನ್ನೆಲ್ಲ ಅಜ್ಜಿ ಮೊದಲು ಸಂಪೂರ್ಣವಾಗಿ ಕೇಳುತ್ತಾಳೆ. ಆಮೇಲೆ, ಇವುಗಳಲ್ಲಿ ಮೊದಲು ಯಾವುದನ್ನು ಹಿಡಿಯೋಣ ಎಂದು ಕೇಳುತ್ತಾಳೆ. ಒಂದನ್ನೇ ಆರಿಸಿ, ಮುಂದಿನ ಭೇಟಿಯೊಳಗೆ ಮಾಡಬಹುದಾದ ಚಿಕ್ಕ ಕೆಲಸವನ್ನು ಬಂದವರೇ ಹೇಳುವಂತೆ ಮಾಡುತ್ತಾಳೆ. ಉತ್ತರ ಕೊಡುವುದಿಲ್ಲ. 573 ಜನರನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ಮೇಲೆ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಅರ್ಧದಷ್ಟು ಜನರಿಗೆ ಖಿನ್ನತೆಯ ಲಕ್ಷಣಗಳು ಉಳಿದಿದ್ದರೆ, ಬೆಂಚಿಗೆ ಬಂದವರಲ್ಲಿ ಅದು ಶೇಕಡಾ 14ರಷ್ಟಿತ್ತು. ಕುತ್ತಿಗೆಯ ಹಗ್ಗವನ್ನು ಮೆಲ್ಲನೆ ಎಳೆಯುವ ಕೆಲಸವನ್ನೇ ಆ ಅಜ್ಜಿಯರು ಮಾಡುತ್ತಾರೆ, ಹಗ್ಗವಿಲ್ಲದೆ.

ಇದನ್ನು ಓದಿದ ಮೇಲೆ ನಾನೂ ಮೇಜಿನ ಮೇಲೆ ಬಿಳಿ ಹಾಳೆಗಳನ್ನು ಇಟ್ಟುಕೊಂಡಿದ್ದೇನೆ. ಕಷ್ಟಗಳನ್ನು ಹೇಳಿ ಮುಗಿಸಿದವರ ಕೈಗೆ ಪೆನ್ನು ಕೊಟ್ಟು, ಅವುಗಳಲ್ಲಿ ಒಂದನ್ನು ಮಾತ್ರ ಬರೆಯಿರಿ ಎನ್ನುತ್ತೇನೆ. 'ಯಾವಾಗಲೂ', 'ಎಲ್ಲರೂ', 'ಎಲ್ಲಿಯೂ' ಎಂಬ ಶಬ್ದಗಳನ್ನು ಬಳಸುವಂತಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಎಂದು ಬರೆಯಬೇಕು. ಇದರಲ್ಲಿ ನಿಮ್ಮ ಕೈಯಲ್ಲಿರುವ ಅತಿ ಚಿಕ್ಕ ಭಾಗ ಯಾವುದು ಎಂಬುದು ಮುಂದಿನ ಪ್ರಶ್ನೆ. ಆ ಭಾಗ ನಗೆ ಬರುವಷ್ಟು ಚಿಕ್ಕದಾದರೂ ಚಿಂತೆಯಿಲ್ಲ, ಮುಂದಿನ ಭೇಟಿಯೊಳಗೆ ಮುಗಿಯುವಂತಿರಬೇಕು. ಎಲ್ಲರಿಗೂ ಇದು ಫಲಿಸುವುದಿಲ್ಲ. ಕೆಲವರು ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮರೆಯುತ್ತಾರೆ. ಒಬ್ಬರು ನನ್ನ ಚಿಕಿತ್ಸಾಲಯದಲ್ಲಿ ಕಾಯಬೇಕಾದ ಹೊತ್ತನ್ನೇ ತಮ್ಮ ಕಷ್ಟವೆಂದು ಬರೆದುಕೊಟ್ಟರು. ಆಮೇಲೆ ನಾನು ಸರದಿಯ ಚೀಟಿಗಳ ಮೇಲೆ ಹೊತ್ತನ್ನೂ ಬರೆಸತೊಡಗಿದೆ.

ರಾಯರು ಹಾಳೆಯನ್ನು ತೆಗೆದುಕೊಂಡರು, ಬರೆಯಲಿಲ್ಲ. ಎರಡು ತಿಂಗಳು ಕಳೆಯಿತು. ಈ ನಡುವೆ ಮಂಡಿಯ ಶಸ್ತ್ರಚಿಕಿತ್ಸೆಗಾಗಿ ಕಾಕೂ ಆಸ್ಪತ್ರೆ ಸೇರಬೇಕಾಯಿತು. ಹೊರಡುವ ದಿನ ಎದುರುಮನೆಯ ಬಾಗಿಲು ತಟ್ಟಿ, ನೋಟುಪುಸ್ತಕವನ್ನು ರಾಯರ ಕೈಗಿತ್ತು, "ನಾ ಬರೂತನಕಾ ನೀವ ಬರೀರಿ" ಎಂದು ಹೇಳಿ ಹೋದರಂತೆ. ಕೇಳಲಿಲ್ಲ, ಹೇಳಿದರು. ಮುಂದಿನ ಸಲ ರಾಯರು ಬಂದಾಗ ಆ ಪುಸ್ತಕ ಅವರ ಕಂಕುಳಲ್ಲಿತ್ತು. ಒಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬ್ಯಾಂಕಿನ ಖಾತೆಪುಸ್ತಕದಂತೆ ಅಂಕಣಗಳನ್ನು ಮಾಡಿದ್ದರು. ಮೇಲಿನ ತೊಟ್ಟಿಯ ಆಳವನ್ನೂ ಅಂಗುಲದಲ್ಲಿ ಅಳೆದು ಬರೆದಿದ್ದರು. ಕಾಕೂ ಅವರ ಹಿಂದಿನ ಪುಟಗಳಲ್ಲಿ ಎರಡು ದಿನಗಳ ಲೆಕ್ಕ ತಪ್ಪಿದೆಯೆಂದೂ, ಅಕ್ಷರ ಒಂದೂ ಓದಲಾಗುವುದಿಲ್ಲವೆಂದೂ, ಸೊಸೈಟಿಯಲ್ಲಿ ಯಾರಿಗೂ ಶಿಸ್ತಿಲ್ಲವೆಂದೂ ಕಾಲು ಗಂಟೆ ಹೇಳಿದರು. ರಕ್ತದೊತ್ತಡವನ್ನು ಅಂದು ನಾನು ಕೊನೆಯಲ್ಲಿ ನೋಡಿದೆ.